ಗಟ್ಟಿಗಿತ್ತಿ

ಗಟ್ಟಿ ಇದ್ದವರ ಮೇಲೆ ಇನ್ನಷ್ಟು ಭಾರ ಹೇರುವುದು ನ್ಯಾಯವೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದ್ದು ಜೀಪಿನ ಪಾಟಾ ಎಂದರೆ ನೀವು ನಗಬಹುದು.

ಹಿಂದಿನ ಅಚ್ಚಿಗೆ ಒಂದರ ಕೆಳಗೊಂದು ಜೋಡಿಸಿ ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳೇ ಪಾಟಾ. ಎಲ್ಲಕ್ಕೂ ಉದ್ದನೆಯದು ಮೇಲೆ. ಅದರ ಎರಡೂ ತುದಿಗಳನ್ನು ಚಾಸಿಗೆ ಸಿಕ್ಕಿಸಿರುತ್ತಾರೆ. ಕೆಳಗೆ ಹೋದಂತೆ ಗಿಡ್ಡ. ತಗ್ಗು ಬಂದಾಗ ಬಾಗಿ, ಒಂದಕ್ಕೊಂದು ಉಜ್ಜಿಕೊಂಡು, ಏಟನ್ನು ತಾವೇ ತಿನ್ನುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು, ಅದರ ಮೇಲಿನ ರಸ್ತೆಯ ಗತಿಯೂ ಅದೇ. ಆದ್ದರಿಂದ ಜೀಪಿನವರು ಒಂದೆರಡು ಪಾಟಾ ಹೆಚ್ಚು ಕಟ್ಟಿಸುತ್ತಿದ್ದರು.

“ಹಿಂಗ ಕಟ್ಟಿದ್ರ ಗಾಡಿ ಬಾಳ ದಿನ ಬರ್ತದೇನಪಾ?” ಎಂದು ಒಬ್ಬ ಮಿಸ್ತ್ರಿಯನ್ನು ಕೇಳಿದ್ದೆ.

“ಪಾಟಾ ಬರ್ತದ ಟೀಚರ್ರೀ. ಆದ್ರ ಪಾಟಾ ಗಟ್ಟಿ ಅದ ಅಂತ ಇನ್ನ ನಾಕ್ ಮಂದೀನ ಕೂಡಸ್ತಾರ. ಬ್ರೇಕು ಹಳೇದೇ ಅಲ್ರೀ?”

ನಿಜ. ಪಾಟಾ ಹೆಚ್ಚಿದ ಮಾತ್ರಕ್ಕೆ ಬ್ರೇಕಿಗಾಗಲಿ ಟೈರಿಗಾಗಲಿ ಅಚ್ಚಿಗಾಗಲಿ ಬಲ ಬರುವುದಿಲ್ಲ. ಖಾಲಿ ಓಡುವಾಗಂತೂ ಗಾಡಿ ಕುಕ್ಕಿ ಕುಕ್ಕಿ ಹಾಕುತ್ತದೆ. ಅಮೆರಿಕದ 1964ರ ಪಾಂಟಿಯಾಕ್ ಜಿಟಿಒ ಎಂಬ ಜೋರಿನ ಕಾರಿನಲ್ಲಿ ಪಾಟಾ ಇರಲಿಲ್ಲ. ಸುರುಳಿ ಸ್ಪ್ರಿಂಗು, ಜೊತೆಗೆ ಹಿಂದಿನ ಅಚ್ಚನ್ನು ಹಿಡಿದಿಡುವ ನಾಲ್ಕು ತೋಳುಗಳು. ಕೆಳಗಿನ ತೋಳು ಒಂದು ಮಗ್ಗುಲು ತೆರೆದ ತಗಡಿನ ದೋಣಿಯ ಹಾಗೆ. ಹಳೆಯ ಕಾರಿನ ಹುಚ್ಚಿನವರು ಆ ತೆರೆದ ಮಗ್ಗುಲಿಗೆ ಪಟ್ಟಿ ಬೆಸೆದು ಅದನ್ನು ಪೆಟ್ಟಿಗೆಯಂತೆ ಮುಚ್ಚುತ್ತಾರೆ, ತೋಳು ತಿರುಚಿಕೊಳ್ಳಬಾರದೆಂದು. ತೋಳು ಗಟ್ಟಿಯಾಗುತ್ತದೆ. ಅದು ಇಷ್ಟು ದಿನ ತಿರುಚಿಕೊಂಡು ನುಂಗುತ್ತಿದ್ದ ಎಳೆತ ಮಾತ್ರ ತುದಿಯ ರಬ್ಬರಿಗೂ ಚಾಸಿಯ ಬೋಲ್ಟಿಗೂ ಹೋಗಿ ತಾಕುತ್ತದೆ.

ನಮ್ಮ ಮನೆಗಳಲ್ಲಿ ಬೆಸುಗೆಯ ಖರ್ಚೂ ಇಲ್ಲ. ‘ಗಟ್ಟಿಗಿತ್ತಿ’ ಎಂದು ಒಮ್ಮೆ ಹೊಗಳಿದರೆ ಮುಗಿಯಿತು. ಹಿರಿಸೊಸೆ ಗಟ್ಟಿಗಿತ್ತಿ, ಮಾವನ ಔಷಧ ಅವಳು ನೋಡಿಕೊಳ್ಳುತ್ತಾಳೆ. ಗಟ್ಟಿಗಿತ್ತಿ, ನಾದಿನಿಯ ಬಾಣಂತನವೂ ಅವಳದೇ. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು ನೌಕರಿಗೂ ಹೋಗಿಬರುತ್ತಾಳೆ. ಒಂದು ದಿನ ಸೊಂಟ ಹಿಡಿದು ಮಲಗಿದರೆ ಎಲ್ಲರಿಗೂ ಆಶ್ಚರ್ಯ, ನಿನ್ನೆಯವರೆಗೂ ತಡೆದಿದ್ದಳಲ್ಲ! ಅವಳು ನುಂಗಿಕೊಂಡ ಸಿಟ್ಟು ಸಂಜೆ ಹೋಂವರ್ಕ್ ಮಾಡದ ಮಗಳ ಬೆನ್ನ ಮೇಲೆ ಬಿದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಲೆಯಲ್ಲಿ ಆ ಮಗಳನ್ನು ನೋಡುವವರು ನಾವು.

ಹಾಗೆಂದು ಪಾಟಾ ಕಟ್ಟಲೇಬಾರದು ಎನ್ನಲು ನನಗೆ ಬಾಯಿ ಬಾರದು. ಹುಣ್ಣಿಮೆಗೆ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟ ಮುದುಕಿಗೆ, ಆಸ್ಪತ್ರೆಗೆಂದು ಜೇವರ್ಗಿಗೆ ಬರಬೇಕಾದ ಬಸುರಿಗೆ ಜೀಪೊಂದೇ ಗತಿಯಾಗಿದ್ದ ಕಾಲವದು. ಮಿಸ್ತ್ರಿಯ ಲೆಕ್ಕ ನನಗೂ ಗೊತ್ತಿತ್ತು. ಆದರೆ ಮೊದಲೇ ಸೀಟು ಹಿಡಿದು ಕೂತವಳು, ಹದಿನೈದನೆಯವಳಾಗಿ ಕೈಚಾಚಿದವಳಿಗೆ “ಜಾಗ ಇಲ್ಲವ್ವಾ” ಎನ್ನುವುದು ಹೇಗೆ? ಸೀರೆ ಒತ್ತರಿಸಿಕೊಂಡು ಸರಿದು ಕೂಡುತ್ತಿದ್ದೆವು. ಕೆಳಗೆ ಪಾಟಾ ಕಿರ್ರೆನ್ನುತ್ತಿತ್ತು.