ಖಾಲಿ ನಿಂತ ಯಂತ್ರದ ಮೇಲೆ ಯಾರ ಹಕ್ಕು?

ಹಳೆಯ ಮನೆ ಕೆಡವಿದಾಗ ಅಜ್ಜನ ಕಾಲದ ಮೂರು ಹಲಸಿನ ಹಲಗೆಗಳು ಸಿಕ್ಕಿದವು. ಅವುಗಳಿಂದ ಊಟದ ಮೇಜು ಮಾಡಿಸುವ ಆಸೆಯಾಯಿತು. ಆದರೆ ಹಲಗೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕೀಸುಳಿ ಹಿಡಿದು ಸಮ ಮಾಡಲು ದಿನಗಳೇ ಬೇಕು. ತಿಕ್‌ನೆಸ್ ಪ್ಲೇನರ್ ಯಂತ್ರಕ್ಕೆ ಅದು ಹತ್ತು ನಿಮಿಷದ ಕೆಲಸ. ಬದುಕಿನಲ್ಲಿ ಒಮ್ಮೆ ಬೇಕಾಗುವ ಅಂಥ ದೊಡ್ಡ ಯಂತ್ರವನ್ನು ಮನೆಗೆ ಕೊಳ್ಳುವವರು ಯಾರು?

ಪಕ್ಕದ ಬೀದಿಯ ಬಡಗಿಯ ಬಳಿ ಒಂದಿತ್ತು. ನಾನು ಹೋದಾಗ ಸುಮ್ಮನೆ ನಿಂತಿತ್ತು. "ಹಳೇ ಮರ ಬೇಡ ಸಾರ್, ಒಳಗೆ ಮೊಳೆ ಇದ್ದೀತು" ಎಂದರು. ನನಗೆ ಸಿಟ್ಟು ಬಂತು. ಹೇಗೂ ಖಾಲಿ ಇರುವ ಯಂತ್ರ ಹತ್ತು ನಿಮಿಷ ಓಡಿದರೆ ಇವರ ಗಂಟೇನು ಹೋಗುತ್ತದೆ?

ಕುರ್‌ಆನಿನ 107ನೇ ಅಧ್ಯಾಯ 'ಅಲ್ ಮಾಊನ್' ನೆನಪಾಯಿತು. ನಿತ್ಯ ಬಳಕೆಯ ಸಣ್ಣ ವಸ್ತುಗಳನ್ನೂ ಕೊಡದವರನ್ನು ಅದು ಎಚ್ಚರಿಸುತ್ತದೆ. ಕೊಡಲಿ, ಮಡಕೆ, ಬಕೆಟ್ಟುಗಳನ್ನು ವ್ಯಾಖ್ಯಾನಕಾರರು ಉದಾಹರಿಸುತ್ತಾರೆ. ಮನಸ್ಸಿನಲ್ಲೇ ಬಡಗಿಯನ್ನು ಆ ಸಾಲಿಗೆ ಸೇರಿಸಿಬಿಟ್ಟೆ.

ಅವರು ನನ್ನನ್ನು ಯಂತ್ರದ ಬಳಿ ಕರೆದೊಯ್ದರು. ಅದರ ಅಲಗುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಮುರಿದುಳಿದ ಒಂದು ಮೊಳೆ ತಾಗಿದರೂ ಅಲಗಿನಲ್ಲಿ ಕಚ್ಚು ಬೀಳುತ್ತದೆ. ಆಮೇಲೆ ಹಾಕುವ ಪ್ರತಿ ಹಲಗೆಯ ಮೇಲೂ ಗೆರೆ ಏಳುತ್ತದೆ. ಅಲಗು ಬಿಚ್ಚಿ ಸಾಣೆ ಹಿಡಿಸುವ ತನಕ ಅವರ ಕೆಲಸ ನಿಂತಂತೆ. ಅರಿಯದವನು ಕೈ ಹಾಕಿದರೆ ಬೆರಳೇ ಹೋದೀತು.

ಖಾಲಿ ನಿಂತದ್ದು ನನ್ನ ಕಣ್ಣಿಗೆ ಕಂಡಿತ್ತು. ಅದರ ಹಿಂದಿನ ಖರ್ಚು, ಭಯ ಕಂಡಿರಲಿಲ್ಲ. ಎರವಲು ಪಡೆದ ವಸ್ತುವಿಗೆ ಫಿಕ್‌ಹ್‌ನಲ್ಲಿ 'ಆರಿಯಾ' ಎನ್ನುತ್ತಾರೆ. ಅದು ಅಮಾನತ್, ನಿರ್ಲಕ್ಷ್ಯದಿಂದ ಹಾಳಾದರೆ ಮಾತ್ರ ಪಡೆದವನು ಹೊಣೆ ಎಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಒಪ್ಪಿದ ಬಳಕೆಯಿಂದಾದ ಸವೆತ ಬಿಟ್ಟು ಉಳಿದ ಹಾನಿಗೆಲ್ಲ ಅವನೇ ಹೊಣೆ ಎನ್ನುವುದು ಶಾಫಿಈ ವಿದ್ವಾಂಸರ ನಿಲುವು. ಭಿನ್ನಾಭಿಪ್ರಾಯ ಏನೇ ಇರಲಿ, ಕೊಡುವವನ ಔದಾರ್ಯದ ಜೊತೆಗೇ ಪಡೆಯುವವನ ಹೊಣೆಯನ್ನೂ ಇಬ್ಬರೂ ಚರ್ಚಿಸಿದ್ದಾರೆ. ನಾನು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಹಾಗೆಂದು ಭಯವನ್ನೇ ನೆಪ ಮಾಡಿಕೊಂಡು ಕೂರುವುದೂ ಸರಿಯಲ್ಲ. ಶರತ್ತು ಹಾಕುವುದು ಬೇರೆ, ಬಾಗಿಲು ಹಾಕುವುದು ಬೇರೆ. ಬಡಗಿ ಶರತ್ತು ಹಾಕಿದರು: "ಮೊಳೆ ಎಲ್ಲಾ ಕಿತ್ತು ಭಾನುವಾರ ತನ್ನಿ. ಮೆಷಿನ್ ನಾನೇ ಓಡಿಸ್ತೇನೆ." ಎರಡು ಸಂಜೆ ಅಯಸ್ಕಾಂತ ಆಡಿಸುತ್ತಾ ಕುಳಿತೆ. ಏಳು ಮೊಳೆ ಸಿಕ್ಕಿದವು. ಭಾನುವಾರ ಅವರು ಕರೆಂಟಿನ ಖರ್ಚಿಗಿಂತ ಹೆಚ್ಚು ಮುಟ್ಟಲಿಲ್ಲ.

ಮದುವೆಗೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ನಮ್ಮ ಎಷ್ಟೋ ಜಮಾಅತ್‌ಗಳು ಇಟ್ಟುಕೊಂಡು ಊರಿಗೆ ಕೊಡುತ್ತವೆ. ವರ್ಷಕ್ಕೊಮ್ಮೆ ಬೇಕಾಗುವ ಹಂಡೆಯನ್ನು ಪ್ರತಿ ಮನೆಯೂ ಕೊಳ್ಳಬೇಕಿಲ್ಲ ಎಂಬ ವಿವೇಕ ಅದು. ಯಂತ್ರಗಳಿಗೂ ಈ ವಿವೇಕ ಸಲ್ಲುತ್ತದೆ. ಆದರೆ ಹಂಡೆಯನ್ನು ತೊಳೆದು ಕೊಟ್ಟರೆ ಸಾಕು. ಯಂತ್ರಕ್ಕೆ ಬಲ್ಲವನೊಬ್ಬ ಜೊತೆಗಿರಬೇಕು. ಅಲ್ಲಿ ನಾವು ಎರವಲು ಕೇಳುವುದು ಕಬ್ಬಿಣವನ್ನಲ್ಲ, ಒಬ್ಬ ಮನುಷ್ಯನ ಭಾನುವಾರವನ್ನು.

ಮೇಜಿನ ಮೇಲೆ ಏಳು ತೂತುಗಳು ಹಾಗೇ ಇವೆ. ಮುಚ್ಚಿಸಲು ನನಗೆ ಮನಸ್ಸಾಗಿಲ್ಲ.