ನೆಟ್ಟಗೆ ನಿಂತ ರೆಕ್ಕೆ

ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ಪೌಲ್ ಮೌಸರ್ ರೂಪಿಸಿದ ರೈಫಲನ್ನು ಅಲ್ಲಿನ ಸೈನ್ಯ 1898ರಲ್ಲಿ ಕೈಗೆತ್ತಿಕೊಂಡಿತು. ಅದರ ಬೋಲ್ಟಿನ ಹಿಂತುದಿಯಲ್ಲಿ, ಹೆಬ್ಬೆರಳಿಗೆ ಸಿಗುವಂತೆ, ಉಕ್ಕಿನ ಪುಟ್ಟ ರೆಕ್ಕೆಯೊಂದಿದೆ. ಅದೇ ಸೇಫ್ಟಿ. ಎಡಕ್ಕೆ ಮಲಗಿದ್ದರೆ ಗುಂಡು ಹಾರುತ್ತದೆ. ಬಲಕ್ಕೆ ಮಲಗಿದ್ದರೆ ಹಾರುವುದಿಲ್ಲ, ಬೋಲ್ಟೂ ಅಲುಗುವುದಿಲ್ಲ. ಕೋವಿಯೊಂದಕ್ಕೆ ಇವೆರಡೇ ಸಾಕಿತ್ತು ಅನಿಸುತ್ತದೆ. ಆದರೆ ಮೂರನೆಯ ನೆಲೆಯೊಂದಿದೆ: ರೆಕ್ಕೆ ನೆಟ್ಟಗೆ ನಿಂತಾಗ ಗುಂಡು ಹಾರದು, ಬೋಲ್ಟ್ ಮಾತ್ರ ಸಲೀಸಾಗಿ ತೆರೆದುಕೊಳ್ಳುತ್ತದೆ.

ಈ ನಡುವಿನ ನೆಲೆಯ ಮುಂದೆ ನನ್ನ ಯೋಚನೆ ಮತ್ತೆ ಮತ್ತೆ ನಿಲ್ಲುತ್ತದೆ. ಕೋವಿಯಿಂದ ಅಪಾಯ ಬರುವುದು ಗುರಿ ಹಿಡಿದಾಗ ಮಾತ್ರವಲ್ಲ. ತುಂಬುವಾಗಲೂ ಬರುತ್ತದೆ, ಕಾವಲು ಮುಗಿಸಿ ಬಂದು ಖಾಲಿ ಮಾಡುವಾಗಲೂ ಬರುತ್ತದೆ. ಮ್ಯಾಗಜೀನಿನಲ್ಲಿ 5 ತೋಟಾ. ಬೋಲ್ಟನ್ನು ಹಿಂದೆ ಮುಂದೆ ಎಳೆದು ಒಂದೊಂದನ್ನೇ ಹೊರಗೆ ಹಾಕಬೇಕು. ಬೆರಳು ಚಳಿಗೆ ಮರಗಟ್ಟಿರಬಹುದು, ಕಣ್ಣು ನಿದ್ದೆಗೆ ಎಳೆಯುತ್ತಿರಬಹುದು, ಪಕ್ಕದಲ್ಲಿ ಗೆಳೆಯನೇ ಕೂತಿರಬಹುದು. ಕೊಲ್ಲಲೆಂದೇ ಮಾಡಿದ ವಸ್ತುವಿನೊಳಗೆ ಈ ಹೊತ್ತಿಗೂ ಒಂದು ಜಾಗ ಇಟ್ಟದ್ದು ಸಣ್ಣ ಸಂಗತಿಯಲ್ಲ.

ನಿಂತ ರೆಕ್ಕೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರೈಫಲನ್ನು ಹೆಗಲಿಗೇರಿಸಿ ಗುರಿ ನೋಡಹೊರಟರೆ ಅದು ಕಣ್ಣಿಗೆ ಅಡ್ಡ ಬರುತ್ತದೆ. ಮರೆತವನಿಗೆ ಬೇರೆ ಯಾರೂ ನೆನಪಿಸಬೇಕಿಲ್ಲ. ಅದು ಟ್ರಿಗರನ್ನು ಕಟ್ಟಿಹಾಕುವುದಿಲ್ಲ. ತೋಟಾಕ್ಕೆ ಬಡಿಯುವ ಸೂಜಿಯ ಹಿಂಭಾಗವನ್ನೇ ಕೂದಲೆಳೆಯಷ್ಟು ಹಿಂದಕ್ಕೆಳೆದು ಹಿಡಿದಿಡುತ್ತದೆ. ಟ್ರಿಗರ್ ಒತ್ತಿದರೂ ಅದಕ್ಕೆ ಬಿಡಿಸಲು ಏನೂ ಸಿಗುವುದಿಲ್ಲ.

1949ರಲ್ಲಿ ಸೋವಿಯತ್ ಸೈನ್ಯ ಸೇರಿದ ಕಲಾಶ್ನಿಕೋವ್ ಬೇರೆಯೇ ದಾರಿ ಹಿಡಿಯಿತು. ಅದರ ಬಲಬದಿಯ ಉದ್ದ ಸನ್ನೆಯನ್ನು ಮೇಲಕ್ಕೆತ್ತಿದರೆ ಟ್ರಿಗರ್ ಕಟ್ಟಿಕೊಳ್ಳುತ್ತದೆ. ಬೋಲ್ಟಿನ ಹಿಡಿ ಓಡಾಡುವ ಸೀಳೂ ಮುಚ್ಚಿ ಧೂಳಿಗೆ ತಡೆಯಾಗುತ್ತದೆ. ಹಿಡಿಯನ್ನು ತುಸು ಹಿಂದೆಳೆದು ನಳಿಗೆಯಲ್ಲಿ ತೋಟಾ ಇದೆಯೇ ಎಂದು ಇಣುಕಬಹುದು, ಅಷ್ಟೇ. ತುಂಬಬೇಕಾದರೂ ಖಾಲಿ ಮಾಡಬೇಕಾದರೂ ಮೊದಲು ಸನ್ನೆಯನ್ನು ಇಳಿಸಲೇಬೇಕು, ಅಂದರೆ ಟ್ರಿಗರಿಗೆ ಜೀವ ಕೊಡಲೇಬೇಕು. ಕೆಸರು, ಹಿಮ, ದಪ್ಪ ಕೈಗವಸು ಇವೆಲ್ಲದರ ನಡುವೆ ಬಳಸುವ ಆಯುಧಕ್ಕೆ ಈ ಆಯ್ಕೆ ಒಪ್ಪುತ್ತದೆ, ನಿಜ. ಆದರೆ ಉಕ್ಕು ಮಾಡದೆ ಬಿಟ್ಟ ಕೆಲಸ ಇಲ್ಲಿ ಕವಾಯತಿನ ಪಾಲಿಗೆ ಬಂತು: ಮೂತಿ ಎತ್ತ ತಿರುಗಿದೆ, ಬೆರಳು ಎಲ್ಲಿದೆ ಎಂದು ಪ್ರತಿ ಸಲವೂ ನೋಡಿಕೊಳ್ಳುವುದು. ಅಮೆರಿಕದ ಗರಾಂಡ್ ರೈಫಲಿನಲ್ಲಂತೂ ಸೇಫ್ಟಿ ಇರುವುದೇ ಟ್ರಿಗರಿನ ಎದುರು; ಅದನ್ನು ಮುಂದಕ್ಕೆ ತಳ್ಳಲು ಬೆರಳು ಟ್ರಿಗರಿನ ಬಳೆಯೊಳಗೇ ಹೋಗಬೇಕು. ಮೂರರಲ್ಲಿ ನನ್ನ ಮನಸ್ಸು ಮೌಸರನ ಕಡೆಗೇ ವಾಲುತ್ತದೆ.

ಮುಂದೆ ಬೇಟೆಗಾರರು ಬೋಲ್ಟಿನ ನೆತ್ತಿಯ ಮೇಲೆ ದುರ್ಬೀನು ಕೂರಿಸತೊಡಗಿದಾಗ ನೆಟ್ಟಗೆ ನಿಲ್ಲುವ ರೆಕ್ಕೆಗೆ ಅಲ್ಲಿ ಜಾಗವಿಲ್ಲದಾಯಿತು. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70ರಲ್ಲಿ ಅದನ್ನು ಅಡ್ಡಕ್ಕೆ ತಿರುಗುವಂತೆ ಮಾಡಿದರು. ಮೂರು ನೆಲೆಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.