ಮೊದಲನೆಯ ದೋಸೆ

ನಮ್ಮ ಅವ್ವ ದೋಸೆ ಹಾಕುವಾಗ ಮೊದಲನೆಯದನ್ನು ಯಾರ ತಾಟಿಗೂ ಬಡಿಸುತ್ತಿರಲಿಲ್ಲ. ಹಂಚು ಇನ್ನೂ ಹದಕ್ಕೆ ಬಂದಿರುವುದಿಲ್ಲ. ದೋಸೆ ಅಂಟಿಕೊಳ್ಳುತ್ತದೆ, ಹರಿಯುತ್ತದೆ. ಆ ಚೂರುಗಳನ್ನು ಬದಿಗೆ ತೆಗೆದಿಟ್ಟು, ಎಲ್ಲರ ಊಟ ತಿಂಡಿ ಮುಗಿದ ಮೇಲೆ ತಾನೇ ತಿನ್ನುತ್ತಿದ್ದಳು. ಕಾರು ಕೊಳ್ಳುವ ಮಾತಿನ ನಡುವೆ ನನಗೆ ಈ ದೋಸೆ ನೆನಪಾಯಿತೆಂದರೆ ನೀವು ನಕ್ಕೀರಿ.

2024ರ ನವೆಂಬರಿನಲ್ಲಿ ಮಾರುತಿ ಡಿಸೈರ್ ಹೊಸ ರೂಪ ತಳೆದು ಪೇಟೆಗೆ ಬಂತು. ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದು ಕೂಡಿಟ್ಟ ನನ್ನ ಜಿಪಿಎಫ್ ಹಣದಲ್ಲಿ ಒಂದು ಕಾರು ತರಬೇಕೆಂದು ಅದಕ್ಕೂ ಮೊದಲೇ ನಿಶ್ಚಯವಾಗಿತ್ತು. ಮಗ ಅವಸರ ಮಾಡಿದ. "ಅವ್ವಾ, ಈಗ ಬುಕ್ ಮಾಡಿಬಿಡೂಣು." ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಅಂದರು: "ಒಂದ್ ವರ್ಷ ತಡಿ. ಮೊದಲ ಮಂದಿ ಓಡಸ್ಲಿ. ಏನ್ ಕೊರತಿ ಐತಿ ಅವರಿಗೆ ಗೊತ್ತಾಗ್ಲಿ. ಕಂಪನಿಯವರು ಸುಧಾರಿಸಿದ ಮ್ಯಾಲ ನಾವು ತಗೊಳ್ಳೂಣು."

ಅವರ ಮಾತು ಸುಳ್ಳಲ್ಲ. ಕಂಪನಿಯವರು ಹತ್ತಾರು ಗಾಡಿಗಳನ್ನು ಎಷ್ಟೇ ಪರೀಕ್ಷಿಸಲಿ, ಸಾವಿರಾರು ಗಾಡಿಗಳು ನಮ್ಮ ತಗ್ಗುದಿಣ್ಣೆಯ ರಸ್ತೆಗಳಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಓಡಿದ ಮೇಲೆಯೇ ಕೆಲವು ದೋಷಗಳು ಹೊರಬೀಳುವುದು. ಮೆಕ್ಯಾನಿಕ್ಕಿನ ಕೈಗೂ ಹೊಸ ಎಂಜಿನ್ ಇನ್ನೂ ಪಳಗಿರುವುದಿಲ್ಲ. ಈ ಡಿಸೈರಿನಲ್ಲಂತೂ ನಾಲ್ಕು ಸಿಲಿಂಡರಿನ ಎಂಜಿನ್ ಹೋಗಿ ಮೂರು ಸಿಲಿಂಡರಿನದು ಬಂದಿತ್ತು.

ಅವರು ಇಂಡಿಕಾ ಕಾರಿನ ಕಥೆ ತೆಗೆದರು. 1998ರ ಡಿಸೆಂಬರ್ ಕೊನೆಗೆ ಟಾಟಾದವರು ಪುಣೆಯಲ್ಲಿ ತಯಾರಿಸಿದ ಆ ಕಾರನ್ನು ಹೊರತಂದಾಗ ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದ್ದರು. ನಮ್ಮ ದೇಶದ್ದೇ ಕಾರು ಎಂಬ ಅಭಿಮಾನ! ಕೊಂಡ ಮೇಲೆ ಸದ್ದು, ನಡುಕ ಎಂದು ದೂರುಗಳು ಸುರಿದವು. ಕಂಪನಿ ತಿದ್ದಿತು; 2001ರಲ್ಲಿ ಇಂಡಿಕಾ ವಿ2 ಬಂತು. ಅದು ಎಷ್ಟು ಓಡಿತೆಂಬುದನ್ನು ಆ ಕಾಲದಲ್ಲಿ ಟ್ಯಾಕ್ಸಿ ಹತ್ತಿದವರೆಲ್ಲ ಬಲ್ಲರು. "ನೋಡ್ದಿ? ತಡದವರು ಗೆದ್ದರು," ಅಂದರು ಇವರು.

ಗೆದ್ದರು, ಖರೆ. ಆದರೆ ವಿ2 ಚೆನ್ನಾಗಿ ಆದದ್ದು ಯಾರಿಂದ? ಮೊದಲು ಕೊಂಡು ಬೈದವರಿಂದ. ಎಲ್ಲರೂ ಇವರ ಹಾಗೆ ಪೇಪರ್ ಓದುತ್ತ ಕುಳಿತಿದ್ದರೆ ದೂರು ಹೇಳಲಿಕ್ಕೂ ಜನ ಇರುತ್ತಿರಲಿಲ್ಲ. "ಮಂದಿ ಓಡಸ್ಲಿ" ಅಂದರಲ್ಲ, ಆ ಮಂದಿ ಯಾರು? ಅವರೂ ನಮ್ಮ ಹಾಗೆಯೇ ಸಾಲ ಸೋಲ ಮಾಡಿದವರಲ್ಲವೇ? ಅವರ ಕಷ್ಟದ ಮೇಲೆ ನಮ್ಮ ಜಾಣತನ ನಿಂತಿದೆ ಎಂಬುದು ನನ್ನ ಮನಸ್ಸಿಗೆ ಚುಚ್ಚತೊಡಗಿತು.

ಆದರೂ ಕಾರು ಕೊಂಡವರು ತಾವಾಗಿ ಕೊಂಡವರು. ಯಾರೂ ಕೇಳದೆಯೇ ಮೊದಲಿಗರಾಗುವವರ ಗತಿ ಏನು? 2021ರಲ್ಲಿ ನಮ್ಮ ರಾಜ್ಯ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ತಂದಿತು. 2024ರಲ್ಲಿ ಮರಳಿ ಮೂರು ವರ್ಷಕ್ಕೆ ಬಂತು. ನಡುವೆ ಕಾಲೇಜು ಸೇರಿದ ನನ್ನ ಹಳೆಯ ವಿದ್ಯಾರ್ಥಿನಿಯರು ಮನೆಗೆ ಬಂದು, "ಟೀಚರ್, ನಾವು ಎಷ್ಟು ವರ್ಷ ಓದಬೇಕ್ರಿ?" ಎಂದು ಕೇಳುತ್ತಿದ್ದರು. ನನಗೆ ಉತ್ತರ ತಿಳಿಯುತ್ತಿರಲಿಲ್ಲ.

ಈ ವಾದ ನಡೆದಾಗ ಬೆಳಗಾವಿಯಿಂದ ಮಗಳು ಬಂದಿದ್ದಳು. ಬ್ಯಾಂಕಿನಲ್ಲಿದ್ದಾಳೆ, ರವಿವಾರಕ್ಕೆಂದು ಬರುತ್ತಾಳೆ. ಚಹಾ ಸೋಸುತ್ತಲೇ ಅಂದಳು: "ಅಪ್ಪಾ, ನಾ ನಿಮ್ಮ ಮೊದಲ್ನೇ ವರ್ಷದ ಮಾಡೆಲ್ ಅಲ್ಲೇನು? ನನ್ನ ಮ್ಯಾಲ ಕಲತು ತಮ್ಮನ್ನ ಛಲೋ ಬೆಳಸಿದ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಒಣಗಿರದ ಬಟ್ಟೆಗಳನ್ನು ತೆಗೆಯುತ್ತ ನಿಂತೆ.

ಸುಳ್ಳೇನು ಹೇಳಿದಳು? ಧಾರವಾಡದಂಥ ಸಂಗೀತದ ಊರಿನಲ್ಲಿದ್ದುಕೊಂಡು, ಒಂಬತ್ತನೆಯ ಇಯತ್ತೆಯಲ್ಲಿ ಅವಳ ಹಾಡಿನ ಕ್ಲಾಸು ಬಿಡಿಸಿದವಳು ನಾನು. ಮನೆಯಲ್ಲಿ ಟೀಚರ ಮಗಳಿಗೆ ಅಂಕ ಕಡಿಮೆ ಬಂದರೆ ಮಂದಿ ಏನಂದಾರು ಎಂಬ ಭಯ. ಸಾಯನ್ಸು, ಟ್ಯೂಶನ್ನು, ಬೆಳಗಿನ ನಾಲ್ಕಕ್ಕೆ ಅಲಾರಾಂ. ಮಗ ಹೈಸ್ಕೂಲಿಗೆ ಬರುವ ಹೊತ್ತಿಗೆ ನಮಗೆ ಬುದ್ಧಿ ಬಂದಿತ್ತು. ಅವನು ಸಂಜೆಯೆಲ್ಲ ಕ್ರಿಕೆಟ್ ಆಡಿಯೂ ಪಾಸಾದ. ಬಿ.ಎಡ್.ನಲ್ಲಿ ಮಕ್ಕಳ ಮನಸ್ಸಿನ ಬಗೆಗೆ ಓದಿ ಪಾಸಾಗಿದ್ದೆ. ಹೊಟ್ಟೆಯ ಮಗುವಿನ ಮುಂದೆ ಅದೊಂದೂ ನೆನಪಿಗೆ ಬರಲಿಲ್ಲ.

ಮರುವಾರ ನಾನೇ ಹೋಗಿ ಬುಕ್ ಮಾಡಿ ಬಂದೆ. ಹುಂಬತನವೆಂದು ಇವರು ಎರಡು ದಿನ ಮಾತು ಬಿಟ್ಟರು. ನನ್ನ ಲೆಕ್ಕ ನನಗಿತ್ತು. ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಮಾರುತಿ ಅದು. ಅಂಥ ಸುರಕ್ಷತೆಯನ್ನು ಒಂದು ವರ್ಷ ಮುಂದೂಡುವುದೂ ಒಂದು ಅಪಾಯವೇ. ಎಂಜಿನ್ನೂ ಅದೇ ಮೇ ತಿಂಗಳಲ್ಲಿ ಸ್ವಿಫ್ಟ್ ಕಾರಿನಲ್ಲಿ ಬಂದಿತ್ತು, ಅಂದರೆ ಮೊದಲ ದೋಸೆಯನ್ನು ಬೇರೆಯವರು ಆಗಲೇ ತಿಂದಿದ್ದರು! ಉಳಿದ ತೊಂದರೆ ಬಂದರೆ ತಡೆದುಕೊಳ್ಳುವ ಶಕ್ತಿ ನನ್ನ ಸಂಬಳಕ್ಕಿದೆ. ಇರುವ ಒಂದೇ ಗಾಡಿಯಿಂದ ಹೊಟ್ಟೆ ಹೊರೆಯುವ ಟ್ಯಾಕ್ಸಿಯವನಿಗೆ ಆ ಶಕ್ತಿ ಇಲ್ಲ. ಅವನು ತಡೆಯಲಿ, ಅವನು ತಡೆಯುವುದೇ ಸರಿ.

ಕಾರು ಬಂದ ಮೇಲೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಏನು ಸದ್ದು ಬಂದರೂ ತಾರೀಖು ಹಾಕಿ ಬರೆದು ಸರ್ವೀಸಿನವರಿಗೆ ಓದಿ ಹೇಳಬೇಕು, ಮೊದಲು ಕೊಂಡವರ ಕರ್ತವ್ಯ ಅದು ಎಂದು. ಒಂದು ರವಿವಾರ ಸಂಜೆ ಮಗಳು ಓಡಿಸುತ್ತಿದ್ದಳು, ಅವಳನ್ನು ಬೆಳಗಾವಿಗೆ ಬಿಡಲು ಹೊರಟಿದ್ದೆವು. ಸದ್ದು ಕೇಳಬೇಕು, ರೇಡಿಯೋ ಹಚ್ಚಬೇಡ ಅಂದಿದ್ದೆ. ಕಿತ್ತೂರು ದಾಟಿದ ಮೇಲೆ ಅವಳು ತನ್ನಷ್ಟಕ್ಕೆ ಏನೋ ಗುನುಗತೊಡಗಿದಳು, ಎಂಟನೆಯ ಇಯತ್ತೆಯಲ್ಲಿ ಕಲಿತದ್ದು. ಎರಡನೆಯ ಸಾಲಿಗೆ ಬಂದು ತಡವರಿಸಿ, ಮತ್ತೆ ಮೊದಲಿಂದ ಹಿಡಿದಳು. ನಾನು ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ.